ಉಪಗ್ರಹದ ಮಳೆ, ಹೊಲದ ಮಳೆ

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮಳೆ ಎಷ್ಟು ಬಿತ್ತು ಅನ್ನೋದನ್ನ ಈಗ ಆಕಾಶದಿಂದಲೇ ಹೇಳ್ತಾರೆ. ಹೇಳಲಿ. ಆದರೆ ಆ ಅಂಕಿ ಹೇಗೆ ಹುಟ್ಟುತ್ತೆ ಅನ್ನೋದು ನಮಗೂ ಗೊತ್ತಿರಬೇಕು. ಬರಗಾಲ ಅಂತ ಸಾರೋದಕ್ಕೂ, ಹವಾಮಾನ ಆಧಾರದ ಬೆಳೆ ವಿಮೆಗೂ ಮಳೆಯ ಅಂಕಿ ಬೇಕು. ಅಂಕಿ ತಪ್ಪಿದರೆ ಸಾಲ ಹೊರೋರು ನಾವು.

1997ರಲ್ಲಿ ಅಮೆರಿಕ, ಜಪಾನ್ ಸೇರಿ ಮಳೆ ನೋಡೋ ಉಪಗ್ರಹ ಹಾರಿಸಿದರು. 2011ರಲ್ಲಿ ನಮ್ಮ ಇಸ್ರೋ ಫ್ರಾನ್ಸಿನ ಜೊತೆ ಸೇರಿ ಮೇಘಾ-ಟ್ರಾಪಿಕ್ಸ್ ಕಳಿಸಿತು. 2014ರಲ್ಲಿ ಜಿ.ಪಿ.ಎಂ. ಉಪಗ್ರಹ ಮೇಲೇರಿತು.

ಇವುಗಳ ಮೈಕ್ರೋವೇವ್ ಕಣ್ಣು ಮಳೆಯನ್ನು ಅಳೆಯೋದಿಲ್ಲ, ಅಂದಾಜು ಮಾಡುತ್ತೆ. ನೆಲ, ಕಡಲು, ಮೋಡ ಎಲ್ಲವೂ ಮೈಕ್ರೋವೇವ್ ಅಲೆ ಸೂಸುತ್ತವೆ. ಕಡಲು ಸೂಸೋದು ಕಡಿಮೆ; ಅದರ ಮೇಲೆ ಮಳೆಹನಿ ಕರೀಕಂಬಳಿ ಮೇಲಿನ ಜೋಳದ ಕಾಳಿನ ಹಾಗೆ ಎದ್ದು ಕಾಣುತ್ತೆ. ನೆಲ ತಾನೇ ಜೋರಾಗಿ ಸೂಸುತ್ತೆ. ಒಣಗಿದ್ದರೆ ಒಂದು ಥರ, ನೆನೆದಿದ್ದರೆ ಇನ್ನೊಂದು ಥರ. ಅಲ್ಲಿ ಹನಿ ಹುಡುಕೋದು ಜೋಳದ ರಾಶಿಯಲ್ಲಿ ಜೋಳದ ಕಾಳು ಹುಡುಕಿದ ಹಾಗೆ. ಅದಕ್ಕೇ ನೆಲದ ಮೇಲೆ ಬೇರೆ ಉಪಾಯ. ಮೋಡದ ಮೇಲ್ಭಾಗದ ಹಿಮದ ಹರಳುಗಳು ಕೆಳಗಿನಿಂದ ಬರೋ ಅಲೆಯನ್ನ ಚದುರಿಸುತ್ತವೆ. ಹೆಚ್ಚು ಚದುರಿದರೆ ಹೆಚ್ಚು ಹಿಮ, ಹೆಚ್ಚು ಹಿಮ ಇದ್ದರೆ ಹೆಚ್ಚು ಮಳೆ, ಇದು ಲೆಕ್ಕ.

ತೊಡಕು ಇಲ್ಲೇ. ಮಲೆನಾಡಿನಲ್ಲಿ ಗಾಳಿ ಘಟ್ಟಕ್ಕೆ ಬಡಿದು, ಮೋಡ ಬಹಳ ಎತ್ತರ ಏರದೆಯೇ ಮಳೆ ಸುರಿಸುತ್ತೆ. ಹಿಮ ಕಮ್ಮಿ, ಹಾಗಾಗಿ ಉಪಗ್ರಹದ ಅಂಕಿಯೂ ಕಮ್ಮಿ. ಬಯಲುಸೀಮೆಯಲ್ಲಿ ಉಲ್ಟಾ: ಮೇಲೆ ಹಿಮ ಉಂಟು, ಆದರೆ ಉದುರಿದ ಹನಿ ಒಣಗಾಳಿಯಲ್ಲೇ ಆರಿಹೋಗಬಹುದು. ಕಾಗದದಲ್ಲಿ ಮಳೆ, ಹೊಲದಲ್ಲಿ ಧೂಳು!

ಇನ್ನೊಂದು ಮಾತು. ಜಿ.ಪಿ.ಎಂ. ಮತ್ತು ಜೊತೆಯ ಉಪಗ್ರಹಗಳಿಂದ ತಯಾರಾಗೋ ಮಳೆ ನಕ್ಷೆಯಲ್ಲಿ ಒಂದು ಮನೆ ಅಂದರೆ ಸುಮಾರು 11 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಸುಮಾರು 30 ಸಾವಿರ ಎಕರೆಗೆ ಒಂದೇ ಅಂಕಿ! ಒಂದು ಬದುವಿನ ಆಚೆ ಮಳೆ, ಈಚೆ ಬಿಸಿಲು ಅನ್ನೋದು ನಮಗೆ ಹೊಸದೇ?

ಉಪಗ್ರಹ ಬೇಡ ಅಂತ ನಾನು ಹೇಳೋದಿಲ್ಲ. ಕಡಲ ಮೇಲಿನ ಮಳೆ, ಮಾಪಕವೇ ಇಲ್ಲದ ಕಾಡಿನ ಮಳೆ ತಿಳಿಯೋದಕ್ಕೆ ಅದು ಬೇಕೇ ಬೇಕು. ಆದರೆ ಆ ನಕ್ಷೆ ಮಾಡೋ ವಿಜ್ಞಾನಿಗಳೇ ತಮ್ಮ ಕೊನೆಯ ಲೆಕ್ಕವನ್ನ ನೆಲದ ಮಳೆಮಾಪಕಕ್ಕೆ ತಾಳೆ ಹಾಕಿ ತಿದ್ದುತ್ತಾರೆ. ಅವರೇ ನೆಲವನ್ನ ಕೇಳೋವಾಗ, ಪರಿಹಾರ ಕೊಡೋರು ಕೇಳಬೇಡವೇ?

ಆದ್ದರಿಂದ ಪ್ರತಿ ಊರಲ್ಲೂ ಒಂದು ಮಳೆಮಾಪಕ ಇಡಿ, ಮರ ಗೋಡೆಗಳಿಂದ ದೂರ, ಬಯಲಲ್ಲಿ. ದಿನಾ ಬೆಳಿಗ್ಗೆ 8.30ಕ್ಕೆ ಅಳೆದು ಪುಸ್ತಕದಲ್ಲಿ ಬರೆಯಿರಿ. ಮಳೆ ಇಲ್ಲದ ದಿನ ಸೊನ್ನೆ ಅಂತಲೂ ಬರೆಯಿರಿ. ಒಂದು ಮಿಲಿಮೀಟರ್ ಮಳೆ ಅಂದರೆ ಎಕರೆಗೆ ಸುಮಾರು 4 ಸಾವಿರ ಲೀಟರ್ ನೀರು. ಅದರ ಲೆಕ್ಕ ನಮ್ಮ ಕೈಯಲ್ಲೂ ಇರಲಿ.