ಹಲ್ಲಿನ ಕಲೆ, ಬಂಡೆಯ ನೀರು



ಇವತ್ತು ನೀರಿನ ಮಾತು. ಇದು ನಿಮಗೆ ಹೊಸದಲ್ಲ. ದಿನಕ್ಕೆ ಎಷ್ಟು ಬಿಂದಿಗೆ ಬೇಕು, ಯಾವ ನೀರಲ್ಲಿ ಬೇಳೆ ಬೇಯುತ್ತೆ, ಯಾವುದರಲ್ಲಿ ಬೇಯಲ್ಲ, ಇದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೆ ಕಣ್ಣಿಗೆ ಕಾಣದ, ನಾಲಿಗೆಗೆ ಸಿಗದ, ಮೂಗಿಗೂ ಬಾರದ ಒಂದು ವಸ್ತು ನೀರಿನಲ್ಲಿದೆ. ಅದರ ಹೆಸರು ಬೋರ್ಡಿನ ಮೇಲೆ ಬರೆದಿದ್ದೇನೆ. ಎಲ್ಲರೂ ಓದಿ. ಫ್ಲೋ-ರೈ-ಡ್. ಫ್ಲೋರೈಡ್.

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡ, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಯಚೂರು, ಮುಂಡರಗಿ. ಈ ಕಡೆಯ ಎಷ್ಟೋ ಹಳ್ಳಿಗಳ ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಾಗಿದೆ. ಇಂಥ ಊರಿನ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಹಳದಿ ಗೆರೆ, ಕಂದು ಕಲೆ ಕಾಣುತ್ತೆ. "ಹಲ್ಲು ಉಜ್ಜಲ್ಲ, ಸೋಮಾರಿ" ಅಂತ ಬೈಯುವವರಿದ್ದಾರೆ. ಹೆಣ್ಣು ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟು ನಗೋದನ್ನ ಕಲಿತುಬಿಡುತ್ತಾಳೆ. ಗಂಡಿನ ಕಡೆಯವರು ನೋಡೋಕೆ ಬಂದಾಗಲೂ ಅದೇ ಮಾತು. ಉಪ್ಪು, ಇದ್ದಿಲು, ಬೇವಿನ ಕಡ್ಡಿ, ಯಾವುದರಲ್ಲಿ ಉಜ್ಜಿದರೂ ಕಲೆ ಹೋಗಲ್ಲ. ಯಾಕೆ ಅಂದ್ರೆ ಅದು ಮೇಲೆ ಹತ್ತಿದ ಕೊಳೆ ಅಲ್ಲ. ಹಲ್ಲು ಹೊರಗೆ ಬರುವ ಮೊದಲೇ, ವಸಡಿನ ಒಳಗೇ ಆದ ದೋಷ.

ಇದನ್ನು ಕಂಡುಹಿಡಿದ ಕಥೆ ಹೇಳ್ತೀನಿ, ಕೇಳಿ. ಇದು ನಮ್ಮ ದೇಶದ್ದಲ್ಲ, ಅಮೆರಿಕದ್ದು. 1901ರಲ್ಲಿ ಮೆಕೇ ಅನ್ನೋ ಹಲ್ಲಿನ ವೈದ್ಯರು ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ ಹೋದರು. ಅಲ್ಲಿಯವರ ಹಲ್ಲಿನಲ್ಲಿ ಕಂದು ಕಲೆ ನೋಡಿದರು. ಜನ ಏನೇನೋ ಕಾರಣ ಹೇಳ್ತಿದ್ದರು. ಹಂದಿ ಮಾಂಸ ಜಾಸ್ತಿ ತಿಂದಿದ್ದಕ್ಕೆ ಅಂತ ಕೆಲವರು, ಹಾಲು ಸರಿಯಿಲ್ಲ ಅಂತ ಕೆಲವರು. ಮೆಕೇ ಯಾವುದನ್ನೂ ಸುಮ್ಮನೆ ನಂಬಲಿಲ್ಲ. ವರ್ಷಗಟ್ಟಲೆ ಹುಡುಕಿದರು.

1923ರಲ್ಲಿ ಓಕ್ಲಿ ಎಂಬ ಸಣ್ಣ ಊರಿಗೆ ಹೋದರು. ಅಲ್ಲಿ ಅವರಿಗೆ ದಾರಿ ತೋರಿಸಿದವರು ಯಾರು ಗೊತ್ತಾ? ಮಕ್ಕಳ ತಂದೆ ತಾಯಂದಿರು. "ದೂರದ ಬಿಸಿನೀರಿನ ಬುಗ್ಗೆಯಿಂದ ಊರಿಗೆ ಪೈಪು ಹಾಕಿಸಿದ ಮೇಲೆ ಈ ಕಲೆ ಶುರುವಾಯ್ತು" ಅಂತ ಅವರು ಹೇಳಿದರು. ಮೆಕೇ ಆ ನೀರನ್ನು ಪರೀಕ್ಷೆ ಮಾಡಿದರು. ಏನೂ ಸಿಗಲಿಲ್ಲ. ಆಗಿನ ಪರೀಕ್ಷೆಗಳಿಗೆ ಅಷ್ಟು ಶಕ್ತಿ ಇರಲಿಲ್ಲ. ಆದರೂ ಅವರು ಹೆತ್ತವರ ಮಾತಿಗೆ ಬೆಲೆ ಕೊಟ್ಟರು. ಆ ಪೈಪಿನ ನೀರು ಬಿಡಿ, ಬೇರೆ ಬುಗ್ಗೆಯ ನೀರು ತನ್ನಿ ಅಂದರು. ಊರವರು ಹಾಗೇ ಮಾಡಿದರು. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆ ಇಲ್ಲದ ಹಲ್ಲು ಬಂತು! ನೀರಿನಲ್ಲಿದ್ದ ಆ ವಸ್ತು ಫ್ಲೋರೈಡ್ ಅಂತ 1931ರಲ್ಲಿ ಚರ್ಚಿಲ್ ಎಂಬ ರಸಾಯನಶಾಸ್ತ್ರಜ್ಞರು ಪತ್ತೆ ಮಾಡಿದರು. ನೋಡಿ, ಪ್ರಯೋಗಶಾಲೆಗಿಂತ ಎಂಟು ವರ್ಷ ಮುಂಚೆ ಮನೆಯವರಿಗೆ ಗೊತ್ತಾಗಿತ್ತು.

ನಮ್ಮ ದೇಶದಲ್ಲಿ ಇದು ಬೆಳಕಿಗೆ ಬಂದದ್ದು 1937ರಲ್ಲಿ, ಆಂಧ್ರದ ನೆಲ್ಲೂರು ಸೀಮೆಯಲ್ಲಿ. ಅಲ್ಲಿ ಮೊದಲು ರೈತರ ಕಣ್ಣಿಗೆ ಬಿದ್ದದ್ದು ಎತ್ತುಗಳು ಅಂತ ಹೇಳ್ತಾರೆ. ಎತ್ತಿನ ಕೀಲು ಬಿಗಿದು ನಡೆಯಲಾರದೆ ನಿಂತುಬಿಡುತ್ತಿದ್ದವು. ಆಮೇಲೆ ಮನುಷ್ಯರ ಬೆನ್ನು, ಕುತ್ತಿಗೆ, ಮಂಡಿ ಕೂಡ ಹಾಗೇ ಬಿಗಿದಿರೋದನ್ನ ವೈದ್ಯರು ನೋಡಿದರು.

ಈ ಫ್ಲೋರೈಡನ್ನು ನೀರಿಗೆ ಯಾರೂ ತಂದು ಸುರಿದಿಲ್ಲ. ಅದು ಕಲ್ಲಿನಲ್ಲೇ ಇದೆ. ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಅಲ್ಲಿಯ ದೊಡ್ಡ ಬಂಡೆ ಹತ್ತಿರುತ್ತೀರಿ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ ಅಂತ ಭೂವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ನಮ್ಮ ಬಯಲುಸೀಮೆಯ ಹೊಲದ ಮಣ್ಣಿನ ಕೆಳಗೂ ಬಹಳ ಕಡೆ ಇಂಥದೇ ಹಳೇ ಕಲ್ಲು. ಕಲ್ಲು ಒಡೆದಾಗ ಮಿಣಮಿಣ ಹೊಳೆಯುತ್ತಲ್ಲ ಕಾಗೆಬಂಗಾರ, ಅದರ ಕಪ್ಪು ಜಾತಿಯಲ್ಲಿ ಫ್ಲೋರೈಡ್ ಇರುತ್ತೆ. ಇನ್ನೂ ಕೆಲವು ಖನಿಜಗಳಲ್ಲೂ ಇರುತ್ತೆ. ನೀರು ಬಂಡೆಯ ಬಿರುಕಿನಲ್ಲಿ ನಿಂತಷ್ಟು ಕಾಲ ಅದು ಕರಗಿ ನೀರಿಗೆ ಇಳಿಯುತ್ತೆ. ಟೀ ಸೊಪ್ಪನ್ನ ಹೆಚ್ಚು ಹೊತ್ತು ನೆನೆಸಿದರೆ ಕಷಾಯ ಗಟ್ಟಿಯಾಗುತ್ತಲ್ಲ, ಹಾಗೆ.

ಹಿಂದೆ ನಮ್ಮ ಹಿರಿಯರು ಕುಡಿದದ್ದು ಸೇದುವ ಬಾವಿ ನೀರು, ಕೆರೆ ನೀರು. ಅದು ಮೊನ್ನೆ ಮೊನ್ನೆ ಬಿದ್ದ ಮಳೆಯ ನೀರು. ಕಲ್ಲಿನ ಸಹವಾಸ ಅದಕ್ಕೆ ಕಡಿಮೆ. ಈಗ ಕೆರೆಗೆ ಹೂಳು ತುಂಬಿದೆ, ಬಾವಿ ಬತ್ತಿದೆ. ಮಳೆಯೂ ಒಂದೇ ಸಲ ಸುರಿದು ಹರಿದು ಹೋಗುತ್ತೆ, ಇಲ್ಲವೇ ಬರುವುದೇ ಇಲ್ಲ. ಬೆಳೆಗೆ ಅಂತ ಕೊರೆದ ಕೊಳವೆ ಬಾವಿ ನೂರು ಅಡಿಯಿಂದ ಸಾವಿರ ಅಡಿ ದಾಟಿದೆ. ಅಷ್ಟು ಆಳದ ನೀರು ಬಂಡೆಯೊಳಗೆ ಬಹಳ ಕಾಲದಿಂದ ಇರುವ ನೀರು. ಇನ್ನೊಂದು ವಿಷಯ. ನೀರಿನಲ್ಲಿ ಸುಣ್ಣದ ಅಂಶ ಚೆನ್ನಾಗಿದ್ದರೆ ಅದು ಫ್ಲೋರೈಡನ್ನು ಹಿಡಿದು ಕೆಳಗೆ ಕೂರಿಸುತ್ತೆ. ಸುಣ್ಣ ಕಡಿಮೆ ಇರುವ ಮೆದು ನೀರಿನಲ್ಲೇ ಫ್ಲೋರೈಡ್ ಹೆಚ್ಚು ಕರಗಿರುತ್ತೆ. ಅದಕ್ಕೇ "ನಮ್ಮ ಬೋರಿನದು ಸಿಹಿನೀರು, ಭಯ ಇಲ್ಲ" ಅನ್ನೋ ಮಾತು ನಡೆಯಲ್ಲ. ರುಚಿ ನೋಡಿ ಇದನ್ನು ಹೇಳೋಕಾಗಲ್ಲ.

ಇನ್ನು ಮೈಯೊಳಗೆ ಏನಾಗುತ್ತೆ? ನಮ್ಮ ಮೈ ಕೋಟಿ ಕೋಟಿ ಜೀವಕೋಶಗಳಿಂದ ಆಗಿದೆ. ಒಂದೊಂದಕ್ಕೂ ಒಂದೊಂದು ಕೆಲಸ. ಹಲ್ಲಿನ ಮೇಲಿನ ಬಿಳಿ ಹೊದಿಕೆ ಮಾಡುವುದಕ್ಕೇ ಬೇರೆ ಜೀವಕೋಶಗಳಿವೆ. ಅವು ಕೆಲಸ ಮಾಡುವ ರೀತಿ ನಮ್ಮ ಗಾರೆ ಕೆಲಸದವರ ಹಾಗೆ. ತಾರಸಿ ಹಾಕುವಾಗ ಮೊದಲು ಹಲಗೆ ಕಟ್ಟಿ, ಕಾಂಕ್ರೀಟು ಸುರಿದು, ಆಮೇಲೆ ಹಲಗೆ ತೆಗೀತಾರಲ್ಲ? ಈ ಜೀವಕೋಶಗಳೂ ಮೊದಲು ಪ್ರೋಟೀನಿನ ಒಂದು ಹಂದರ ಕಟ್ಟುತ್ತವೆ. ಆಮೇಲೆ ಅದನ್ನು ತೆಗೆಯುತ್ತಾ ಆ ಜಾಗಕ್ಕೆ ಸುಣ್ಣದ ಅಂಶ ತುಂಬುತ್ತವೆ. ಫ್ಲೋರೈಡ್ ಹೆಚ್ಚಾದರೆ ಹಂದರ ತೆಗೆಯುವ ಕೆಲಸ ತಡವಾಗುತ್ತೆ. ಸುಣ್ಣ ಸರಿಯಾಗಿ ತುಂಬಲ್ಲ. ಹೊದಿಕೆಯಲ್ಲಿ ಸಣ್ಣ ಸಣ್ಣ ತೂತು ಉಳಿಯುತ್ತೆ. ಹಲ್ಲು ಬಂದ ಮೇಲೆ ಆ ತೂತಿಗೆ ಬಣ್ಣ ಇಳಿಯುತ್ತೆ. ಹಲ್ಲು ಹೊರಬರುವ ಹೊತ್ತಿಗೆ ಹೊದಿಕೆ ಮಾಡಿದ ಜೀವಕೋಶಗಳು ಇರುವುದೇ ಇಲ್ಲ. ರಿಪೇರಿ ಮಾಡೋರು ಯಾರು? ಹುಟ್ಟಿದಾಗಿನಿಂದ ಎಂಟು ವರ್ಷದವರೆಗೆ ಈ ಕೆಲಸ ಒಳಗೆ ನಡೆಯುತ್ತಿರುತ್ತೆ. ಆ ಎಂಟು ವರ್ಷದ ನೀರು ಬಹಳ ಮುಖ್ಯ.

ಮೂಳೆಯದು ನಿಧಾನದ ಕಥೆ. ಹತ್ತಿಪ್ಪತ್ತು ವರ್ಷ ಇಂಥ ನೀರು ಕುಡಿದರೆ ಮೂಳೆಯಲ್ಲಿ ಫ್ಲೋರೈಡ್ ಸೇರುತ್ತಾ ಹೋಗುತ್ತೆ. ಕೀಲು ಬಿಗಿಯುತ್ತೆ. ಬಗ್ಗಿ ಕಸ ಗುಡಿಸೋಕಾಗಲ್ಲ, ಕುತ್ತಿಗೆ ತಿರುಗಿಸೋಕಾಗಲ್ಲ. ವಯಸ್ಸಾಯ್ತು ಬಿಡು ಅಂತ ಸುಮ್ಮನಾಗ್ತಾರೆ. ಮೂವತ್ತೈದಕ್ಕೇ ಯಾವ ವಯಸ್ಸು ಆಗುತ್ತೆ ಹೇಳಿ?

ಸ್ವಲ್ಪ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತೆ. ಅದಕ್ಕೇ ಪೇಸ್ಟಿಗೆ ಹಾಕ್ತಾರೆ. ಅಳತೆ ಮೀರಿದಾಗ ತೊಂದರೆ. ಸರ್ಕಾರದ ಮಾನದಂಡದಲ್ಲಿ ಒಂದು ಲೀಟರ್ ಕುಡಿಯುವ ನೀರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಇಲ್ಲವೇ ಇಲ್ಲ ಅಂದಾಗ 1.5ರವರೆಗೆ. ಒಂದು ಮಿಲಿಗ್ರಾಂ ಅಂದ್ರೆ ಒಂದು ಗ್ರಾಮಿನ ಸಾವಿರದಲ್ಲಿ ಒಂದು ಪಾಲು. ಸಾವಿರ ಲೀಟರ್ ತೊಟ್ಟಿಗೆ ಒಂದು ಗ್ರಾಂ, ಅಷ್ಟೇ.

ಹಾಗಾದರೆ ಕಾಯಿಸಿ ಕುಡಿಯೋಣವೇ ಅಂತ ಕೇಳ್ತೀರಿ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾಗಿ ಕಡಿಮೆಯಾದ ಹಾಗೆ ಉಳಿದ ನೀರಲ್ಲಿ ಅದು ಇನ್ನೂ ಹೆಚ್ಚಾಗುತ್ತೆ. ಬಟ್ಟೆಯಲ್ಲಿ ಸೋಸಿದರೂ ಹೋಗಲ್ಲ. ಪಟಿಕ, ಸುಣ್ಣ ಹಾಕಿ ತಿಳಿಗೊಳಿಸುವ ಒಂದು ವಿಧಾನವಿದೆ. ನಾಗಪುರದ ನೀರಿ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಕಂಡುಹಿಡಿದದ್ದು, ನಲ್ಗೊಂಡ ವಿಧಾನ ಅಂತಾರೆ. ಆದರೆ ನೀರನ್ನು ಪರೀಕ್ಷಿಸಿ ಅಳತೆ ಹಾಕಬೇಕು. ಕಣ್ಣಂದಾಜಿಗೆ ಮನೆಯಲ್ಲಿ ಮಾಡಬೇಡಿ. ನಾಣ್ಯ ಹಾಕಿ ನೀರು ತರುವ ಶುದ್ಧ ನೀರಿನ ಘಟಕ ಫ್ಲೋರೈಡನ್ನು ತೆಗೆಯುತ್ತೆ, ಆದರೆ ಅದರ ಒಳಗಿನ ಪೊರೆ ಸರಿಯಾಗಿದ್ದರೆ ಮಾತ್ರ. ಪೊರೆ ಹಾಳಾದರೂ ನೀರು ಬರುತ್ತಲೇ ಇರುತ್ತೆ. ಅದಕ್ಕೇ ಆ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಬೇಕು. ಘಟಕದಿಂದ ಹೊರಹೋಗುವ ನೀರಲ್ಲಿ ಫ್ಲೋರೈಡ್ ದುಪ್ಪಟ್ಟು ಸೇರಿರಬಹುದು. ದನಕ್ಕೆ ಕುಡಿಸಬೇಡಿ.

ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಒಂದು ಲೆಕ್ಕ ಮಾಡೋಣ, ಸ್ಲೇಟು ತೆಗೆಯಿರಿ. ಐದು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲದ ಚಾವಣಿ. ಐದು ನಾಲ್ಕಲ ಇಪ್ಪತ್ತು ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 700 ಮಿಲಿಮೀಟರ್ ಮಳೆ ಅಂದುಕೊಳ್ಳಿ. 20ನ್ನು 700ರಿಂದ ಗುಣಿಸಿದರೆ 14,000 ಲೀಟರ್. ಐದರಲ್ಲಿ ಒಂದು ಪಾಲು ಪೋಲಾದರೂ 11,200 ಉಳಿಯಿತು. ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಬಳಸಿದರೆ ವರ್ಷ ಕಳೆದೂ ಮಿಗುತ್ತೆ. ಅಷ್ಟು ನೀರು ತುಂಬಿಡುವ ತೊಟ್ಟಿ ಕಟ್ಟಲು ದುಡ್ಡು ಎಲ್ಲಿ ಅಂತ ಕೇಳ್ತೀರಿ, ಸರಿ. ಎಲ್ಲರಿಗೂ ಆಗದಿದ್ದರೆ ಬಸುರಿ ಹೆಂಗಸಿಗೆ, ಎಂಟು ವರ್ಷದೊಳಗಿನ ಮಕ್ಕಳಿಗೆ ಆಗುವಷ್ಟಾದರೂ ಹಿಡಿದಿಡಿ. ಮೊದಲ ಮಳೆ ಬಿಟ್ಟುಬಿಡಿ, ಚಾವಣಿಯ ಧೂಳು ಹೋಗಲಿ. ತೊಟ್ಟಿಗೆ ಮುಚ್ಚಳ ಇರಲಿ. ಕುಡಿಯುವ ಮುಂಚೆ ಇದನ್ನು ಕಾಯಿಸಿ. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರೇ ಸಾಕು, ಚರ್ಮದಿಂದ ಒಳಗೆ ಹೋಗಲ್ಲ.

ರಾಗಿ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮೀರಿ ಸುಣ್ಣದ ಅಂಶ ಇದೆ. ಅಕ್ಕಿಯಲ್ಲಿ ಅದರ ಇಪ್ಪತ್ತರಲ್ಲಿ ಒಂದು ಪಾಲೂ ಇಲ್ಲ. ಸೊಪ್ಪು, ಹಾಲು, ನೆಲ್ಲಿಕಾಯಿ ಕೊಡಿ. ಚಿಕ್ಕ ಮಕ್ಕಳಿಗೆ ಟೀ ಕೊಡಬೇಡಿ, ಟೀ ಸೊಪ್ಪಿನಲ್ಲೂ ಫ್ಲೋರೈಡ್ ಇದೆ. ಇದೆಲ್ಲ ಸಹಾಯ ಅಷ್ಟೇ. ನೀರು ಬದಲಾಗದೆ ರಾಗಿಯೊಂದೇ ಕಾಪಾಡಲ್ಲ.

ಈಗ ಪರೀಕ್ಷೆ ಮಾಡಿಸೋದು ಹೇಗೆ? 2019ರಲ್ಲಿ ಶುರುವಾದ ಜಲಜೀವನ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಜನ ಹೆಂಗಸರಿಗೆ ಕಿಟ್‌ನಿಂದ ನೀರು ಪರೀಕ್ಷೆ ಮಾಡೋದು ಕಲಿಸಬೇಕು ಅಂತ ಏರ್ಪಾಡಿದೆ. ನಮ್ಮೂರಲ್ಲಿ ಆ ಐದು ಜನ ಯಾರು ಅಂತ ಪಂಚಾಯಿತಿಯಲ್ಲಿ ಕೇಳಿ. ಯಾರೂ ಇಲ್ಲ ಅಂದರೆ ಇಲ್ಲಿ ಕೂತವರಲ್ಲೇ ಐದು ಹೆಸರು ಕೊಡೋಣ. ಅರ್ಜಿಯನ್ನು ಈಗಲೇ ಬರೆಯೋಣ. ನಾನು ಹೇಳ್ತೀನಿ, ನೀವೇ ಬರೆಯಿರಿ:

"ಗ್ರಾಮ ಪಂಚಾಯಿತಿ ಅಧ್ಯಕ್ಷರಿಗೆ. ನಮ್ಮ ಊರಿನ ಎಲ್ಲಾ ಕೊಳವೆ ಬಾವಿ ಮತ್ತು ಶುದ್ಧ ನೀರಿನ ಘಟಕದ ನೀರನ್ನು ಫ್ಲೋರೈಡ್ ಪರೀಕ್ಷೆ ಮಾಡಿಸಿ, ಒಂದು ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆ ಎಂಬುದನ್ನು ಪ್ರತಿ ಬಾವಿಯ ಹತ್ತಿರ ಬಣ್ಣದಲ್ಲಿ ಬರೆಸಬೇಕಾಗಿ ಕೋರುತ್ತೇವೆ."

ಕೆಳಗೆ ಸಹಿ ಹಾಕಿ. ಹೆಬ್ಬೆಟ್ಟು ಬೇಡ.