ಬಣ್ಣದ ಡಬ್ಬಿ ಬಗ್ಗಿಸುವುದು

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೊಠಡಿಯಲ್ಲಿ ಇದುವರೆಗೆ ನಡೆದ ಭಾಷಣಗಳು ಬಹುಮಟ್ಟಿಗೆ ಪಂಪ, ಬಸವಣ್ಣ, ಪುರಂದರದಾಸರಂಥ ದೊಡ್ಡವರನ್ನು ಕುರಿತವು. ಇಂದು ನಾವು ಎತ್ತಿಕೊಂಡಿರುವುದು ಒಂದು ತಗಡಿನ ಡಬ್ಬಿಯನ್ನು. ಫಲಕದ ಮೇಲೆ ವಿಷಯ ಬರೆಯುವಾಗ ಕಾರ್ಯದರ್ಶಿಗಳು ಎರಡು ಸಲ ಕೇಳಿದರು, "ನಿಜವಾಗಿಯೂ ಇದೇ ವಿಷಯವೆ?" ಎಂದು. ಇದೇ ಎಂದೆವು. ದೀಪಾವಳಿ ಹತ್ತಿರ ಬಂದಿದೆ. ನಮ್ಮಲ್ಲಿ ಹಲವರು ಒಂದೇ ಖೋಲಿಯಲ್ಲಿ ಸಂಸಾರ ಹೂಡಿದವರು. ಪೇಂಟರನ್ನು ಕರೆಸುವ ಅನುಕೂಲವಿಲ್ಲದೆ ರಜೆಯ ದಿನ ತಾವೇ ಕುಂಚ ಹಿಡಿದು ಬಾಗಿಲು ಕಿಟಕಿಗಳಿಗೆ ಬಣ್ಣ ಹಚ್ಚುವವರು. ಇನ್ನು ಕೆಲವರಿಗೆ ಆ ಕುಂಚವೇ ಅನ್ನ. ಈ ಎರಡೂ ಬಗೆಯವರಿಗೆ ಗೋಡೆಗಿಂತ ಮೊದಲು ಎದುರಾಗುವುದು ಡಬ್ಬಿ.

ನಮ್ಮ ಅನುಭವವನ್ನೇ ಮೊದಲು ಹೇಳಿಬಿಡುತ್ತೇವೆ. ಹೋದ ವರ್ಷದ ಹಿಂದಿನ ವರ್ಷ ಈ ವಾಚನಾಲಯದ ಕಪಾಟುಗಳಿಗೆ ಹಸುರು ಎನಾಮಲ್ ಹಚ್ಚಬೇಕೆಂದು ನಾಲ್ಕು ಜನ ಸೇರಿದೆವು. ಎಲ್ಲರೂ ಕಚೇರಿಯವರು, ಲೇಖನಿ ಹಿಡಿದ ಕೈಗಳು. ಒಂದು ಲೀಟರಿನ ಡಬ್ಬಿ ತೆರೆದು, ಬೇಕಾದಷ್ಟು ಬಣ್ಣವನ್ನು ಚಿಕ್ಕ ಬಟ್ಟಲಿಗೆ ಬಗ್ಗಿಸಿದೆವು. ಬಟ್ಟಲಿಗೆ ಬಿದ್ದದ್ದು ಸರಿಯೆ, ಆದರೆ ಡಬ್ಬಿಯ ಹೊರಮೈಯಿಂದ ಒಂದು ಧಾರೆ ಇಳಿದು ತಳಕ್ಕೆ ಹೋದದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಆ ಡಬ್ಬಿಯನ್ನು ಎತ್ತಿ ಇಟ್ಟಲ್ಲೆಲ್ಲ ನೆಲದ ಮೇಲೆ ಹಸುರು ಬಳೆ ಮೂಡಿತು. ಒಂದು ಬಳೆ ಮೇಜಿನ ಮೇಲಿದ್ದ ಹಳೆಯ ಮಾಸಪತ್ರಿಕೆಯ ಸಂಪುಟದ ರಟ್ಟಿನ ಮೇಲೆಯೂ ಬಿತ್ತು. ಅದು ಈಗಲೂ ಮೂರನೆಯ ಕಪಾಟಿನಲ್ಲಿದೆ, ಬೇಕಾದವರು ನೋಡಬಹುದು. ಕೆಲಸ ಮುಗಿದ ಮೇಲೆ ಅರ್ಧಕ್ಕಿಂತ ಹೆಚ್ಚು ಬಣ್ಣ ಉಳಿದಿತ್ತು. ಮುಚ್ಚಳವನ್ನು ಸುತ್ತಿಗೆಯಿಂದ ಬಡಿದೆವು. ಅಂಚಿನಲ್ಲಿ ನಿಂತಿದ್ದ ಬಣ್ಣ ಚಿಮ್ಮಿ ಒಬ್ಬ ಗೆಳೆಯರ ಬಿಳಿಯ ಅಂಗಿಯನ್ನು ಹಾಳುಮಾಡಿತು. ಇಷ್ಟಕ್ಕೇ ಮುಗಿಯಲಿಲ್ಲ. ಮರುವರ್ಷ ತೆರೆಯಹೋದರೆ ಮುಚ್ಚಳ ಕಚ್ಚಿಕೊಂಡಿತ್ತು. ಮೀಟಿ ಮೀಟಿ ಅದರ ಅಂಚು ಸೊಟ್ಟಗಾಯಿತು. ಒಳಗೆ ಬಣ್ಣ ಚಕ್ಕಳದಷ್ಟು ದಪ್ಪಗೆ ಕೆನೆಗಟ್ಟಿ, ಅದರ ಕೆಳಗೆ ಲೋಳೆಯಾಗಿತ್ತು. ಸಂಘದ ದುಡ್ಡು ನೀರಿನಲ್ಲಿ ಹೋಮವಾಯಿತು.

ಯಾದಗಿರಿಯ ಕಡೆಯ ಒಬ್ಬ ಗೆಳೆಯರು ಭಾನುವಾರಗಳಲ್ಲಿ ಇಲ್ಲಿಗೆ ಪತ್ರಿಕೆ ಓದಲು ಬರುತ್ತಾರೆ. ಕಟ್ಟಡಗಳಲ್ಲಿ ಬಣ್ಣ ಬಳಿಯುವುದು ಅವರ ಕೆಲಸ. ಅವರು ಆ ಡಬ್ಬಿಯನ್ನು ನೋಡಿ ನಕ್ಕರು, ಆಮೇಲೆ ನಗು ನಿಲ್ಲಿಸಿ ತಮ್ಮ ಕಥೆ ಹೇಳಿದರು. ಈ ಊರಿಗೆ ಬಂದ ಹೊಸದರಲ್ಲಿ ಒಂದು ಮನೆಯ ಹೊಸ ಕಲ್ಲಿನ ನೆಲದ ಮೇಲೆ ಅವರು ಇಟ್ಟ ಡಬ್ಬಿಯೂ ಇಂಥದೇ ಬಳೆ ಬಿಟ್ಟಿತಂತೆ. ಉಜ್ಜಿದರೂ ಕಲ್ಲಿನ ಸಂದಿಯೊಳಗೆ ಇಳಿದದ್ದು ಹೋಗಲಿಲ್ಲ. ಗುತ್ತಿಗೆದಾರ ಎರಡು ದಿನದ ಕೂಲಿ ಹಿಡಿದುಕೊಂಡ. ಆ ವಾರ ಊರಿಗೆ ಹಣ ಹೋಗಲಿಲ್ಲ. ನಮಗೆ ಒಂದು ಅಂಗಿ ಹೋಯಿತು, ಅವರಿಗೆ ಮನೆಯವರ ಒಂದು ವಾರದ ಸಂತೆ ಹೋಯಿತು. ಅಂದು ಅವರು ನಮಗೆ ಕಲಿಸಿದ್ದನ್ನೂ, ಆಮೇಲೆ ನಾವೇ ಓದಿ, ಮಾಡಿ ತಿಳಿದದ್ದನ್ನೂ ಸೇರಿಸಿ ತಮ್ಮ ಮುಂದಿಡುತ್ತಿದ್ದೇವೆ.

ಬಣ್ಣ ಬಟ್ಟಲಿಗೆ ಬೀಳದೆ ಡಬ್ಬಿಯ ಮೈ ಹಿಡಿದು ಇಳಿಯುವುದೇಕೆ? ಉಡುಪಿ ಹೋಟೆಲುಗಳಲ್ಲಿ ದುಡಿದ ತಮ್ಮಂದಿರು ಈ ಸಭೆಯಲ್ಲಿದ್ದಾರೆ, ಅವರಿಗೆ ಇದು ಚೆನ್ನಾಗಿ ಗೊತ್ತು. ಲೋಟದ ಕಾಫಿಯನ್ನು ಬಟ್ಟಲಿಗೆ ಹೆದರಿ ಹೆದರಿ, ಮೆಲ್ಲಗೆ ಬಗ್ಗಿಸಿದರೆ ಅದು ಲೋಟದ ಹೊರಮೈ ಸವರಿಕೊಂಡು ಮೇಜಿನ ಮೇಲೆ ಇಳಿಯುತ್ತದೆ. ಧೈರ್ಯವಾಗಿ ಒಂದೇ ಧಾರೆಯಾಗಿ ಸುರಿದರೆ ಒಂದು ಹನಿಯೂ ಚೆಲ್ಲದು. ಇದನ್ನು ವಿಜ್ಞಾನಿಗಳೂ ತಲೆ ಕೆರೆದುಕೊಂಡು ನೋಡಿದ್ದಾರೆ. 1956ರಲ್ಲಿ ಮಾರ್ಕಸ್ ರೈನರ್ ಎಂಬವರು ಚಹದ ಪಾತ್ರೆಯ ಮೂತಿಯ ಈ ಚಾಳಿಗೆ ಒಂದು ಹೆಸರಿಟ್ಟು ಪ್ರಶ್ನೆ ಎತ್ತಿದರು. ಮರುವರ್ಷ ಜೋಸೆಫ್ ಕೆಲ್ಲರ್ ಎಂಬ ಗಣಿತಜ್ಞರು, ಅಂಚನ್ನು ಬಳಸಿ ಹರಿಯುವ ದ್ರವವನ್ನು ಹೊರಗಿನ ಗಾಳಿಯ ಒತ್ತಡವೇ ಪಾತ್ರೆಯ ಮೈಗೆ ಒತ್ತಿ ಹಿಡಿಯುತ್ತದೆ ಎಂದು ತೋರಿಸಿದರು. ಪಾತ್ರೆಯ ಮೈ ಎಷ್ಟು ಬೇಗ ನೆನೆಯುತ್ತದೆ ಎಂಬುದೂ ಇಲ್ಲಿ ಮುಖ್ಯವೆಂದು ಆಮೇಲಿನವರು ಕಂಡುಕೊಂಡರು. ನಮಗೆ ಬೇಕಾದದ್ದು ಇಷ್ಟೆ: ಧಾರೆ ನಿಧಾನವಾದಷ್ಟೂ, ಅಂಚು ಮೊಂಡಾದಷ್ಟೂ ಸೋರಿಕೆ ಹೆಚ್ಚು. ನಮ್ಮ ಮನೆಗಳ ಗಿಂಡಿಗೆ ಚೂಪು ಮೂತಿ ಇಟ್ಟವರು ಈ ಲೆಕ್ಕವನ್ನು ಓದಿದವರಲ್ಲ, ಆದರೂ ತಪ್ಪಿರಲಿಲ್ಲ.

ಬಣ್ಣದ ಡಬ್ಬಿಗೆ ಮೂತಿ ಇಲ್ಲ. ಅದಕ್ಕೆ ಬದಲಾಗಿ ಬಾಯಿಯ ಸುತ್ತ ಒಂದು ಚಿಕ್ಕ ಕಾಲುವೆ ಇದೆ. ಮುಚ್ಚಳದ ಅಂಚು ಕುಳಿತು ಗಾಳಿ ಹೋಗದಂತೆ ಬಿಗಿಯಾಗಲೆಂದೇ ಆ ಕಾಲುವೆಯನ್ನು ಮಾಡಿರುವುದು. ಡಬ್ಬಿ ಬಗ್ಗಿಸಿದಾಗ ಮೊದಲು ತುಂಬುವುದು ಅದೇ. ಕುಂಚವನ್ನು ಅಂಚಿಗೆ ಒರಸಿದಾಗಲೂ ತುಂಬುವುದು ಅದೇ. ಒಂದು ಲೀಟರಿನ ಖಾಲಿ ಡಬ್ಬಿಯ ಕಾಲುವೆಗೆ ನಾವು ನೀರು ಹಾಕಿ ಅಳೆದೆವು, ಒಂದೂವರೆ ಚಮಚೆ ಹಿಡಿಯಿತು. ಒಂದೂವರೆ ಚಮಚೆ ಬಣ್ಣ ದೊಡ್ಡ ನಷ್ಟವೇನಲ್ಲ ಎನ್ನುವಿರಿ. ಕೇಡು ಇರುವುದು ಆಮೇಲೆ. ಎಣ್ಣೆಬಣ್ಣ ಬಟ್ಟೆಯ ಹಾಗೆ ಒಣಗುವುದಿಲ್ಲ. ಅದರಲ್ಲಿಯ ಟರ್ಪೆಂಟೈನಿನಂಥ ದ್ರವ ಆವಿಯಾಗಿ ಹೋದ ಬಳಿಕ ಉಳಿದ ಎಣ್ಣೆಯ ಭಾಗ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಕಾಲುವೆಯಲ್ಲಿ ಬಣ್ಣ ಗಟ್ಟಿಯಾದರೆ ಮುಚ್ಚಳ ಸರಿಯಾಗಿ ಕೂರದು, ಸಂದಿಯಿಂದ ಗಾಳಿ ಒಳಹೋಗುವುದು, ಒಳಗಿನದೆಲ್ಲ ಕೆನೆಗಟ್ಟುವುದು. ನಮ್ಮ ಅರ್ಧ ಡಬ್ಬಿ ಹಾಳಾದದ್ದು ಆ ಒಂದೂವರೆ ಚಮಚೆಯ ದೆಸೆಯಿಂದ.

ಈಗ ಕ್ರಮಕ್ಕೆ ಬರೋಣ. ಡಬ್ಬಿಯನ್ನು ತೆರೆಯುವ ಮುಂಚೆಯೇ ಅದರ ಕೆಳಗೆ ಒಂದು ಹಳೆಯ ತಟ್ಟೆ ಇಡತಕ್ಕದ್ದು. ನಮ್ಮ ಗೆಳೆಯರು ಡಬ್ಬಿಯನ್ನು ತಟ್ಟೆಸಹಿತವಾಗಿಯೇ ಎತ್ತಿ ಇಡುತ್ತಾರೆ, ಆ ಎರಡು ದಿನದ ಕೂಲಿಯನ್ನು ಅವರು ಮರೆತಿಲ್ಲ. ಬರಿಯ ಪತ್ರಿಕೆ ಹಾಸಿದರೆ ಸಾಲದು, ಅದು ತಳಕ್ಕೆ ಅಂಟಿಕೊಂಡು ಡಬ್ಬಿಯ ಜೊತೆಗೇ ಎದ್ದು ಬರುತ್ತದೆ. ಮುಚ್ಚಳವನ್ನು ಒಂದೇ ಕಡೆ ಮೀಟಬಾರದು. ಅಗಲ ಬಾಯಿಯ ಸ್ಕ್ರೂಡ್ರೈವರಿನಿಂದ ಸುತ್ತಲೂ ಆರೆಂಟು ಕಡೆ ಸ್ವಲ್ಪ ಸ್ವಲ್ಪವೇ ಎತ್ತಬೇಕು. ಸೊಟ್ಟಗಾದ ಮುಚ್ಚಳ ಮತ್ತೆ ಬಿಗಿಯುವುದಿಲ್ಲ.

ತೆರೆದ ಮೇಲೆ ಕಲಕಬೇಕು, ಏಕೆಂದರೆ ಬಣ್ಣದ ಪುಡಿ ತಳಕ್ಕೆ ಕೂತಿರುತ್ತದೆ. ತುಂಬಿದ ಡಬ್ಬಿಯಲ್ಲಿ ಕೋಲು ತಿರುಗಿಸಿದರೆ ಉಕ್ಕಿ ಅಂಚು ದಾಟುವುದು ಖಂಡಿತ. ಆದ್ದರಿಂದ ಮೇಲಿನ ತೆಳುಭಾಗವನ್ನು ಮೊದಲು ಮತ್ತೊಂದು ಪಾತ್ರೆಗೆ ತೆಗೆದು, ತಳದ ಗಟ್ಟಿಯನ್ನು ಚಪ್ಪಟೆ ಕೋಲಿನಿಂದ ಕೆದಕಿ ಕಲಕಿ, ತೆಗೆದದ್ದನ್ನು ಸ್ವಲ್ಪ ಸ್ವಲ್ಪವೇ ಮರಳಿ ಸೇರಿಸಬೇಕು. ಅಂಬಲಿ ಕಾಯಿಸುವಾಗ ಹಿಟ್ಟನ್ನು ಗಂಟಾಗದಂತೆ ಕದಡುವ ಕ್ರಮವೂ ಇದೇ ಅಲ್ಲವೆ?

ಬಗ್ಗಿಸುವುದಕ್ಕೆ ಮುಂಚೆ ಅಂಚಿಗೊಂದು ಮೂತಿ ಮಾಡಿಕೊಳ್ಳುವುದು ಲೇಸು. ಪೇಂಟರುಗಳು ಬಳಸುವ ಕಾಗದದ ಅಂಟುಪಟ್ಟಿ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬಾಯಿಯ ಒಂದು ಪಕ್ಕದಲ್ಲಿ ಕಾಲುವೆ ಮುಚ್ಚುವಂತೆ ಹಚ್ಚಿ, ಹೊರಗೆ ಎರಡು ಬೆರಳು ಚಾಚಿ ಮಡಿಸಿದರೆ ಗಿಂಡಿಯ ಮೂತಿಯೇ ಆಯಿತು. ಕೆಲಸ ಮುಗಿದ ಮೇಲೆ ಕಿತ್ತು ಹಾಕಿದರೆ ಕಾಲುವೆ ಹೊಸದರಂತೆ ಇರುತ್ತದೆ. ಪಟ್ಟಿ ಇಲ್ಲದವರು ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಕತ್ತರಿಸಿ ಬಾಯೊಳಗೆ ಸಿಕ್ಕಿಸಿಕೊಳ್ಳಬಹುದು. ಊರಿನಲ್ಲಾದರೆ ಅಡಿಕೆಯ ಹಾಳೆಯ ಒಂದು ತುಂಡು ಸಾಕಾಗುತ್ತಿತ್ತು.

ಬಗ್ಗಿಸುವಾಗ ಹೆಸರು ಮತ್ತು ಬಣ್ಣದ ಸಂಖ್ಯೆ ಇರುವ ಮಗ್ಗುಲು ಮೇಲಾಗಿರಲಿ, ಯಾವಾಗಲೂ ಅದರ ಎದುರು ಮಗ್ಗುಲಿನಿಂದಲೇ ಸುರಿಯಿರಿ. ಬಣ್ಣ ಇಳಿದು ಸಂಖ್ಯೆ ಮುಚ್ಚಿಹೋದರೆ ಮುಂದಿನ ವರ್ಷ ಅದೇ ಛಾಯೆ ತರುವುದು ಕಷ್ಟ. ದಾಖಲೆ ಇಡುವ ಗುಮಾಸ್ತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಟ್ಟಲನ್ನು ಡಬ್ಬಿಯ ಬಾಯಿಗೆ ಹತ್ತಿರ ಹಿಡಿದು, ಅಳುಕದೆ ಒಂದೇ ಧಾರೆಯಾಗಿ ಬಗ್ಗಿಸಬೇಕು. ಹೋಟೆಲಿನವರ ಹಾಗೆ ಎತ್ತರದಿಂದ ಬೇಡ, ಬಣ್ಣ ಸಿಡಿಯುತ್ತದೆ.

ನಿಜವಾದ ಕೌಶಲ ಬೇಕಾಗುವುದು ಕೊನೆಯ ಗಳಿಗೆಯಲ್ಲಿ. ಹಳ್ಳಿಯಲ್ಲಿ ಗಾಣಿಗರು ಎಣ್ಣೆ ಅಳೆದು ಕೊಟ್ಟು ಮಣಿಕಟ್ಟನ್ನು ಚಕ್ಕನೆ ತಿರುಗಿಸಿ ಕೊನೆಯ ಹನಿಯನ್ನು ಅಳತೆಯೊಳಕ್ಕೇ ಕರೆದುಕೊಳ್ಳುತ್ತಿದ್ದುದನ್ನು ನೋಡಿದ್ದೀರಲ್ಲ? ಹಾಗೆಯೇ ಡಬ್ಬಿಯನ್ನು ಬೇಗನೆ ನೆಟ್ಟಗೆ ಮಾಡಬೇಕು. ಇನ್ನೊಂದು ಕೈಯಲ್ಲಿ ಕುಂಚ ಸಿದ್ಧವಿರಬೇಕು. ಅಂಚಿನ ಹೊರಗೆ, ಕೆಳಗಿನಿಂದ ಮೇಲಕ್ಕೆ ಕುಂಚ ಎಳೆದು ಒಳಗೆ ತಿರುಗಿಸಿದರೆ ಇಳಿಯಹೊರಟ ಬಣ್ಣ ಮನೆಗೆ ಮರಳುತ್ತದೆ. ಬಟ್ಟೆಯಿಂದ ಒರಸಿದರೆ ಬಣ್ಣವೂ ಹೋಯಿತು, ಬಟ್ಟೆಯೂ ಹೋಯಿತು. ಕೆಲಸದ ನಡುವೆ ಕುಂಚವನ್ನು ಅಂಚಿಗೆ ಒರಸುವ ಚಾಳಿಯನ್ನಂತೂ ಬಿಡಲೇಬೇಕು. ಡಬ್ಬಿಯ ಹಿಡಿಕೆಯ ಎರಡು ಕಿವಿಗಳಿಗೆ ಒಂದು ತಂತಿಯನ್ನು ಬಾಯಿಗೆ ಅಡ್ಡಲಾಗಿ ಬಿಗಿದು, ಅದಕ್ಕೆ ಒರಸಿದರೆ ಹೆಚ್ಚಾದದ್ದು ನೇರವಾಗಿ ಒಳಗೇ ಬೀಳುತ್ತದೆ.

ಕಾಲುವೆಯ ತಳಕ್ಕೆ ಮೊಳೆಯಿಂದ ಐದಾರು ತೂತು ಹೊಡೆದರೆ ನಿಂತ ಬಣ್ಣ ಒಳಗೆ ಸೋರಿಹೋಗುತ್ತದೆ ಎಂದು ಹೇಳುವವರಿದ್ದಾರೆ. ನಾವೂ ಮಾಡಿ ನೋಡಿದೆವು, ಸೋರಿಹೋಗುತ್ತದೆ. ಆದರೂ ವರ್ಷಗಟ್ಟಲೆ ಇಡಬೇಕಾದ ಡಬ್ಬಿಗೆ ತೂತು ಹೊಡೆಯುವುದು ನಮ್ಮ ಮನಸ್ಸಿಗೆ ಒಪ್ಪದು. ಒಂದೆರಡು ದಿನದಲ್ಲಿ ಮುಗಿಯುವ ಡಬ್ಬಿಗಾದರೆ ಧಾರಾಳವಾಗಿ ಹೊಡೆಯಿರಿ.

ಇಪ್ಪತ್ತು ಲೀಟರಿನ ದೊಡ್ಡ ಬಕೆಟ್ಟನ್ನು ಬಗ್ಗಿಸುವ ಸಾಹಸವೇ ಬೇಡ, ಚೊಂಬಿನಿಂದ ಮೊಗೆಯಿರಿ. ಟರ್ಪೆಂಟೈನಿನ ಚೌಕ ಡಬ್ಬಿಯ ಬಾಯಿ ಒಂದು ಮೂಲೆಯಲ್ಲಿರುತ್ತದೆ. ಬಹಳ ಜನ ಆ ಬಾಯಿಯನ್ನು ಕೆಳಗೆ ಮಾಡಿ ಸುರಿಯುತ್ತಾರೆ. ಆಗ ಒಳಕ್ಕೆ ಗಾಳಿ ಹೋಗಲು ದಾರಿಯಿಲ್ಲದೆ ಅದು ಗುಳುಗುಳು ಎಂದು ತಡೆತಡೆದು ಉಗುಳುತ್ತದೆ. ಬಾಯಿ ಮೇಲ್ಭಾಗಕ್ಕೆ ಬರುವಂತೆ ಹಿಡಿದು ಬಗ್ಗಿಸಿದರೆ ಮೇಲಿನಿಂದ ಗಾಳಿ ಹೋಗುತ್ತದೆ, ಕೆಳಗಿನಿಂದ ದ್ರವ ಸಮನಾಗಿ ಬರುತ್ತದೆ. ಅಡುಗೆಯ ಎಣ್ಣೆಯ ಕ್ಯಾನಿಗೂ ಇದೇ ನ್ಯಾಯ.

ಟರ್ಪೆಂಟೈನಿನ ಮಾತು ಬಂದದ್ದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಉಳಿದ ಟರ್ಪೆಂಟೈನನ್ನಾಗಲಿ ಥಿನ್ನರನ್ನಾಗಲಿ ನೀರಿನ ಅಥವಾ ತಂಪುಪಾನೀಯದ ಬಾಟಲಿಗೆ ಎಂದೂ ಬಗ್ಗಿಸಬೇಡಿ. ಒಂದೇ ಖೋಲಿಯ ಮನೆಯಲ್ಲಿ ಆಟವಾಡಿ ಬಾಯಾರಿ ಬಂದ ಮಗು ಕೈಗೆ ಸಿಕ್ಕಿದ ಬಾಟಲಿ ಎತ್ತುತ್ತದೆ. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಕ್ಕೆ ಅಪಾಯ. ಹಾಗೇನಾದರೂ ಕುಡಿದರೆ ವಾಂತಿ ಮಾಡಿಸಬೇಡಿ, ವಾಂತಿಯಲ್ಲಿ ಅದು ಮತ್ತೆ ಶ್ವಾಸಕೋಶಕ್ಕೆ ಹೋಗಬಹುದು. ಕೂಡಲೇ ಆಸ್ಪತ್ರೆಗೆ ಒಯ್ಯಿರಿ, ಆ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಒಲೆ ಉರಿಯುತ್ತಿರುವಾಗ ಇವನ್ನು ತೆರೆಯಲೂ ಬಾರದು. ಅಗಸೆಎಣ್ಣೆ ನೆನೆದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತನ್ನಷ್ಟಕ್ಕೆ ಕಾವೇರಿ ಹೊತ್ತಿಕೊಳ್ಳುವುದುಂಟು. ಅದನ್ನು ಹೊರಗೆ ಹರವಿ ಒಣಗಿಸಬೇಕು. ಕೈಗೆ ಮೆತ್ತಿದ ಬಣ್ಣಕ್ಕೆ ಟರ್ಪೆಂಟೈನ್ ಬೇಕಾಗಿಲ್ಲ. ಹಸಿಯಿರುವಾಗಲೇ ಕೊಬ್ಬರಿಎಣ್ಣೆ ತಿಕ್ಕಿ ಒರಸಿ, ಆಮೇಲೆ ಸಾಬೂನಿನಿಂದ ತೊಳೆದರೆ ಹೋಗುತ್ತದೆ. ತೊಳೆಯದ ಕೈಯಲ್ಲಿ ಊಟಕ್ಕೆ ಕೂರಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂದು 2016ರಲ್ಲಿ ಭಾರತ ಸರ್ಕಾರ ನಿಯಮ ಮಾಡಿತು, ಅದು 2017ರ ನವೆಂಬರಿನಿಂದ ಜಾರಿಗೆ ಬಂತು. ಗುಜರಿಯಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಡಬ್ಬಿಗೆ ಈ ಭರವಸೆ ಇಲ್ಲ. ಹಳೆಯ ಬಣ್ಣವನ್ನು ಒಣದಾಗಿ ಕೆರೆದು ಧೂಳೆಬ್ಬಿಸುವುದೂ ಮಕ್ಕಳಿಗೆ ಕೇಡು.

ಬಣ್ಣದ ಕಲೆಯ ಮಾತಿನಲ್ಲಿ ನಮ್ಮ ನಾಡಿನ ಒಂದು ಸಂಗತಿ ನೆನಪಿಗೆ ಬರುತ್ತದೆ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಹುಟ್ಟಿತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು 1962ರ ಮಹಾಚುನಾವಣೆಯಿಂದ ಮಾಡಿಕೊಡುತ್ತಿರುವುದು ಅದೇ ಸಂಸ್ಥೆ. ಆ ಕಲೆಯಾದರೂ ಕೆಲವು ವಾರಗಳಲ್ಲಿ ಉಗುರು ಬೆಳೆದಂತೆ ಹೋಗುತ್ತದೆ. ನಮ್ಮ ಸಂಪುಟದ ಮೇಲಿನ ಹಸುರು ಬಳೆ ಹೋಗುವ ಲಕ್ಷಣವಿಲ್ಲ.

ಇನ್ನು ಮುಚ್ಚುವ ಕ್ರಮ. ಮೊದಲು ಕಾಲುವೆಯನ್ನು ಒಣಕುಂಚದಿಂದ ಬಳಿದು, ಬಟ್ಟೆಯ ತುದಿಯಿಂದ ಒರಸಿ. ಮುಚ್ಚಳದ ಮೇಲೆ ಮರದ ತುಂಡಿಟ್ಟು, ಹಳೆಯ ಬಟ್ಟೆ ಹೊದಿಸಿ, ಸುತ್ತಲೂ ಮೆಲ್ಲಗೆ ತಟ್ಟಿ ಕೂರಿಸಿ. ನೇರವಾಗಿ ಸುತ್ತಿಗೆಯ ಪೆಟ್ಟು ಬೇಡ. ಉಳಿದದ್ದು ಕಾಲುಭಾಗಕ್ಕಿಂತ ಕಡಿಮೆಯಿದ್ದರೆ ಅದನ್ನು ಚಿಕ್ಕ ತಗಡಿನ ಡಬ್ಬಿಗೆ ಕಂಠಮಟ್ಟ ತುಂಬಿಡಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ಕೆನೆ ಕಡಿಮೆ. ಬಣ್ಣದ ಹೆಸರು, ಸಂಖ್ಯೆ, ತೆರೆದ ತಾರೀಖು ಬರೆದು ಅಂಟಿಸಿ, ಮಕ್ಕಳ ಕೈಗೆ ಎಟುಕದ ಕಡೆ ಇಡಿ.

ಯಾದಗಿರಿಯ ಗೆಳೆಯರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಭಾಷಣ ಮಾಡಲು ಒಪ್ಪಲಿಲ್ಲ, ಕೈಯಿಂದ ತೋರಿಸುವುದಾದರೆ ಸೈ ಎಂದರು. ಮೇಜಿನ ಮೇಲೆ ಒಂದು ಲೀಟರಿನ ಹಳೆಯ ಡಬ್ಬಿ ಇದೆ. ಮೊದಲ ಸಲ ಬಗ್ಗಿಸುವವರಿಗೆ ಎಣ್ಣೆಬಣ್ಣವೇಕೆಂದು ಅದರಲ್ಲಿ ಮೈದಾಹಿಟ್ಟಿನ ತೆಳುಗಂಜಿ ತುಂಬಿದ್ದೇವೆ. ಈಗ ಅವರು ಮುಂದೆ ಬಂದು ಒಂದು ಸಲ ಬಗ್ಗಿಸಿ ತೋರಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಬನ್ನಿ, ತಟ್ಟೆ ಕೆಳಗೇ ಇದೆ.