ದಾನವಲ್ಲ, ಕೂಲಿಯ ಬಾಕಿ
(ಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಇವತ್ತಿನ ಗೋಷ್ಠಿಯ ವಿಷಯ ಕಾಯಕ ಮತ್ತು ದಾಸೋಹ. ಇದರ ಮೇಲೆ ಮಾತಾಡುವಷ್ಟು ಓದಿದವನು ನಾನಲ್ಲ. ಅದನ್ನೇ ಹೇಳಿದಾಗ ಗುರುಗಳು, “ಓದಿದ್ದು ಬೇಡ, ಅನುಭವ ಹೇಳು” ಎಂದರು. ನನ್ನ ಅನುಭವ ಒಂದು ನಾಯಿಯದು, ಅದರ ಆಸ್ಪತ್ರೆಯ ಖರ್ಚಿನದು. ಮಠದ ವೇದಿಕೆಯಲ್ಲಿ ನಾಯಿಯ ಮಾತೇ ಎಂದು ಯಾರೂ ಬೇಸರಪಡಬಾರದು.

ನಾನು ಕೊಪ್ಪಳ ಸೀಮೆಯ ಹಳ್ಳಿಯವನು. ಹುಟ್ಟಿನಿಂದ ಕಣ್ಣಿಲ್ಲ. ಒಂಬತ್ತನೇ ವಯಸ್ಸಿಗೆ ಅಪ್ಪ ನನ್ನನ್ನು ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಸೇರಿಸಿದರು. ಸ್ವತಃ ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಊರೂರು ತಿರುಗಿ, ನಾಟಕ ಕಂಪನಿ ಕಟ್ಟಿ, ಅಂಧ ಮಕ್ಕಳಿಗೆ ಅನ್ನ ಮತ್ತು ಸಂಗೀತ ಕೊಟ್ಟ ಪರಂಪರೆಯ ಜಾಗ ಅದು. ನಾನು ಹೋದಾಗ ಪುಟ್ಟರಾಜ ಗವಾಯಿಗಳು ಇದ್ದರು. ನನಗೆ ಸಂಗೀತ ಒಲಿಯಲಿಲ್ಲ, ಓದು ಒಲಿಯಿತು. ಮುಂದೆ ಕಂಪ್ಯೂಟರ್ ಕಲಿತು ಅಮೆರಿಕದ ನ್ಯೂಜೆರ್ಸಿಗೆ ನೌಕರಿಗೆ ಹೋದೆ.

ಆ ರಾಜ್ಯದ ಮಾರಿಸ್‌ಟೌನ್ ಊರಿನಲ್ಲಿ ‘ಸೀಯಿಂಗ್ ಐ’ ಎಂಬ ಶಾಲೆ ಇದೆ. 1929ರಲ್ಲಿ ಶುರುವಾದದ್ದು. ಅಂಧರಿಗೆ ದಾರಿ ತೋರುವ ನಾಯಿಗಳನ್ನು ತರಬೇತು ಮಾಡಿ ಕೊಡುತ್ತದೆ. ಒಂದು ನಾಯಿಯ ತಯಾರಿಗೆ ಹತ್ತಾರು ಸಾವಿರ ಡಾಲರ್ ಖರ್ಚಾಗುತ್ತದೆ. ಆದರೆ ಅಂಧನಿಂದ ಮೊದಲ ನಾಯಿಗೆ ತೆಗೆದುಕೊಳ್ಳುವುದು 150 ಡಾಲರ್, ಆಮೇಲಿನದಕ್ಕೆ 50. ದಶಕಗಳಿಂದ ಈ ಹಣ ಏರಿಲ್ಲ. ಪುಕ್ಕಟೆ ಏಕೆ ಕೊಡುವುದಿಲ್ಲವೆಂದರೆ, ಪಡೆಯುವವನು ತಲೆ ತಗ್ಗಿಸಬಾರದು, ನನ್ನ ದುಡ್ಡಿನಿಂದ ತಂದೆ ಎನ್ನಬೇಕು ಎಂದು. ಇಂಥ ಶಾಲೆಗಳು ಆ ದೇಶದಲ್ಲಿ ಹಲವು ಇವೆ. ಅಂಥ ಒಂದರಿಂದ ನನಗೆ ರೂಬಿ ಬಂದಳು. ಲ್ಯಾಬ್ರಡಾರ್ ಜಾತಿ, ಎರಡು ವರ್ಷದ ಹೆಣ್ಣು.

ನಾಯಿ ಸಿಗ್ನಲ್ ನೋಡಿ ರಸ್ತೆ ದಾಟಿಸುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ವಾಹನಗಳ ಸದ್ದು ಕೇಳಿ ಯಾವಾಗ ದಾಟಬೇಕೆಂದು ತೀರ್ಮಾನಿಸುವವನು ನಾನು. ಆದರೆ ನಾನು ‘ಮುಂದೆ’ ಎಂದಾಗ ವಾಹನ ಬರುತ್ತಿದ್ದರೆ ನಾಯಿ ಆ ಮಾತು ಕೇಳುವುದಿಲ್ಲ. ಕಲ್ಲಿನಂತೆ ನಿಲ್ಲುತ್ತದೆ. ಆಜ್ಞೆ ಮೀರುವುದನ್ನೂ ಅದಕ್ಕೆ ಕಲಿಸಿರುತ್ತಾರೆ. ಏಳು ವರ್ಷದಲ್ಲಿ ರೂಬಿ ಹೀಗೆ ನನ್ನ ಮಾತು ಮೀರಿದ್ದು ನಾಲ್ಕು ಸಲ. ಆ ನಾಲ್ಕು ಸಲ ಮೀರಿದ್ದರಿಂದ ನಾನು ಇಲ್ಲಿ ನಿಂತು ಮಾತಾಡುತ್ತಿದ್ದೇನೆ.

ಅವಳಿಗೆ ಒಂಬತ್ತು ತುಂಬಿದ ವರ್ಷ, ಒಂದು ಮುಂಜಾನೆ ಏಳಲಿಲ್ಲ. ವಸಡು ಬಿಳಚಿದೆ ಎಂದು ಪಕ್ಕದ ಮನೆಯವರು ನೋಡಿ ಹೇಳಿದರು. ಆಸ್ಪತ್ರೆಗೆ ಒಯ್ದೆ. ಗುಲ್ಮದ ಮೇಲೆ ಗಡ್ಡೆ ಬೆಳೆದು ಒಡೆದು, ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ಗುಲ್ಮವನ್ನೇ ತೆಗೆಯಬೇಕು, ಇವತ್ತೇ ತೆಗೆಯಬೇಕು ಎಂದರು. ಗಡ್ಡೆ ಸಾದಾ ಇರಬಹುದು, ಕ್ಯಾನ್ಸರ್ ಇರಬಹುದು, ತೆಗೆದು ಪರೀಕ್ಷೆ ಮಾಡದೆ ತಿಳಿಯದು. ಖರ್ಚು 7,200 ಡಾಲರ್. ರೂಪಾಯಿಯಲ್ಲಿ ಆರು ಲಕ್ಷದ ಆಸುಪಾಸು. ಹೆಚ್ಚಿನ ಪಾಲು ಮುಂಗಡ ಕಟ್ಟಬೇಕು.

ನನ್ನ ತಪ್ಪು ನನಗೆ ಕಂಡದ್ದು ಆವಾಗ. ಅಲ್ಲಿ ಪ್ರಾಣಿಗಳಿಗೂ ವಿಮೆ ಉಂಟು. ಎಳೆ ವಯಸ್ಸಿನಲ್ಲಿ ಮಾಡಿಸಿದರೆ ಕಂತು ಕಡಿಮೆ. ರೋಗ ಕಾಣಿಸಿಕೊಂಡ ಮೇಲೆ ಮಾಡಿಸಿದರೆ ಆ ರೋಗಕ್ಕೆ ಹಣ ಬರುವುದಿಲ್ಲ. ರೂಬಿ ಗಟ್ಟಿಮುಟ್ಟಾಗಿದ್ದಾಳೆ ಎಂದು ನಾನು ಏಳು ವರ್ಷ ಮಾಡಿಸಲಿಲ್ಲ. ಆಸ್ಪತ್ರೆಯವರು ವೈದ್ಯಕೀಯ ಸಾಲದ ಕಾರ್ಡಿನ ಕಾಗದ ಕೊಟ್ಟರು. ಇಂತಿಷ್ಟು ತಿಂಗಳು ಬಡ್ಡಿಯಿಲ್ಲ ಎಂದು ಮೇಲೆ ದೊಡ್ಡದಾಗಿ ಇರುತ್ತದೆ. ಅವಧಿಯೊಳಗೆ ಪೂರ್ತಿ ತೀರಿಸದಿದ್ದರೆ ಮೊದಲ ದಿನದಿಂದ ಬಡ್ಡಿ ಹಾಕುತ್ತೇವೆ ಎಂದು ಕೆಳಗೆ ಇರುತ್ತದೆ. ಗೆಳೆಯರೊಬ್ಬರು ಕೊನೆಯ ಸಾಲಿನವರೆಗೆ ಓದಿ ಹೇಳಿದರು. ಸಾಲ ಬೇಡವೆಂದು ಊರಿನ ಮನೆ ಕಟ್ಟಲು ಕೂಡಿಟ್ಟ ಹಣ ತೆಗೆದು ಕಟ್ಟಿದೆ.

ಆವತ್ತು ರಾತ್ರಿ ಅಣ್ಣನಿಗೆ ಫೋನ್ ಮಾಡಿ, ಮನೆಯ ಹಣ ಈ ವರ್ಷ ಬರುವುದಿಲ್ಲ ಎಂದೆ. ಕಾರಣವನ್ನೂ ಹೇಳಿದೆ. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನಾಯಿಗೆ ಆರು ಲಕ್ಷ ಸುರಿಯೋದು ಯಾವ ದಾಸೋಹ?” ಎಂದ.

ಶರಣ ಬಂಧುಗಳೇ, ಈ ಪ್ರಶ್ನೆಯನ್ನು ನಾನು ಹಗುರ ಮಾಡುವುದಿಲ್ಲ. ಆ ದುಡ್ಡಿನಲ್ಲಿ ಎಷ್ಟೋ ಮಕ್ಕಳು ಓದುತ್ತಿದ್ದರು. ನಾನು ಹೇಳಿದ್ದು ಇಷ್ಟೇ: ಅಣ್ಣಾ, ಇದು ದಾಸೋಹವೂ ಅಲ್ಲ, ದಾನವೂ ಅಲ್ಲ. ದಾನವಾದರೆ ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಆರಿಸಬಹುದು. ಇದು ಕೂಲಿ. ಅವಳು ಏಳು ವರ್ಷ ದುಡಿದಿದ್ದಾಳೆ. ನಾನು ತಿಂಗಳು ತಿಂಗಳು ಸಂಬಳ ತಂದದ್ದು ಅವಳ ಹೆಜ್ಜೆಯ ಮೇಲೆ. ಕೂಲಿ ಬಾಕಿ ಇಟ್ಟುಕೊಂಡು ದಾಸೋಹ ಮಾಡಿದರೆ ಅದು ಕಾಯಕದ ಹಣವಾಗುತ್ತದೆಯೇ?

ಅಣ್ಣ ಒಪ್ಪಿದ. ಒಪ್ಪಿದ ಮೇಲೆ ಇನ್ನೊಂದು ಮಾತು ಹೇಳಿದ. “ಹಂಗಾದ್ರೆ ನಿನ್ನ ಬಡಿಗಿ ಹಿಡಕೊಂಡು ನಡೆಸಿದಾವನ ಕೂಲಿ ಯಾರು ಕೊಡಬೇಕು? ಮೊಣಕಾಲು ಸವೆದು ಹಾಸಿಗಿ ಹಿಡದಾನ.”

ನಮ್ಮ ಮನೆಯಲ್ಲಿ ಒಬ್ಬ ಆಳು ಇದ್ದ. ಗದುಗಿಗೆ ಹೋಗುವ ಮೊದಲು ಐದು ವರ್ಷ ಅವನೇ ನನ್ನನ್ನು ಊರಲ್ಲಿ ತಿರುಗಾಡಿಸಿದವನು. ಬಡಿಗೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ. ಕುರುಡರನ್ನು ಹಾಗೆಯೇ ನಡೆಸುತ್ತಾರೆ ಎಂದು ನಾನು ತಿಳಿದಿದ್ದೆ. ಅವನ ಜಾತಿಯ ಕಾರಣಕ್ಕೆ ಮನೆಯವರು ನನ್ನ ಕೈ ಮುಟ್ಟಬೇಡ ಎಂದಿದ್ದರು ಎಂಬುದು ದೊಡ್ಡವನಾದ ಮೇಲೆ ತಿಳಿಯಿತು. ಇಷ್ಟಲಿಂಗ ಕಟ್ಟಿಕೊಂಡ ಮನೆ ನಮ್ಮದು. ಬಸವಣ್ಣನವರ ಹೆಸರು ಹೇಳದೆ ಊಟ ಮಾಡದ ಮನೆ. ಈ ಮಾತನ್ನು ಇಲ್ಲಿ ಮುಚ್ಚಿಡಬಾರದೆಂದು ಹೇಳುತ್ತಿದ್ದೇನೆ.

ರೂಬಿಯ ಶಸ್ತ್ರಚಿಕಿತ್ಸೆ ಆಯಿತು. ಗಡ್ಡೆ ಕ್ಯಾನ್ಸರ್ ಎಂದೇ ಬಂತು, ರಕ್ತನಾಳದ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಒಂದರಿಂದಲೇ ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು, ಕೀಮೋಥೆರಪಿಯನ್ನೂ ಕೊಟ್ಟರೆ ನಾಲ್ಕರಿಂದ ಆರು ತಿಂಗಳು ಎಂದರು. ಅದಕ್ಕೆ ಇನ್ನೂ ನಾಲ್ಕೈದು ಸಾವಿರ ಡಾಲರ್. ಮತ್ತೆ ಲೆಕ್ಕಕ್ಕೆ ಕೂತೆ. ಈ ಸಲ ಬೇಡ ಎಂದೆ. ಹಣ ಉಳಿಸಲಿಕ್ಕೆ ಬೇಡ ಎಂದೆನೋ ಎಂದು ಬಹಳ ದಿನ ನನ್ನನ್ನೇ ಕೇಳಿಕೊಂಡಿದ್ದೇನೆ. ಮೊದಲ ಸಲ ಅವಳು ಬದುಕುವ ಸಾಧ್ಯತೆ ಇತ್ತು, ಅದು ಅವಳಿಗೆ ಸಲ್ಲಬೇಕಾದದ್ದು. ಎರಡನೆಯ ಸಲ ನಾನು ಕೊಳ್ಳಲು ಹೊರಟದ್ದು ನನ್ನ ಸಮಾಧಾನಕ್ಕೆ ಬೇಕಾದ ದಿನಗಳನ್ನು. ಆಸ್ಪತ್ರೆಗೆ ಹೋಗುವುದೆಂದರೆ ಅವಳು ನಡುಗುತ್ತಿದ್ದಳು. ಆಯ್ದಕ್ಕಿ ಲಕ್ಕಮ್ಮ ತಾಯಿ ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದ್ದು ನೆನಪಾಯಿತು. ಬೇಕಾದದ್ದು ಯಾವುದು, ಹೆಚ್ಚಿನದು ಯಾವುದು ಎಂದು ತೂಗುವುದೂ ಕಾಯಕದ ಒಂದು ಭಾಗ.

ರೂಬಿ ಹನ್ನೊಂದು ವಾರ ಇದ್ದಳು. ಹಾರ್ನೆಸ್ ಪಟ್ಟಿ ಹಾಕಲಿಲ್ಲ. ನಾನು ಬಿಳಿ ಕೋಲು ಹಿಡಿದು ಕೆಲಸಕ್ಕೆ ಹೊರಟರೆ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದಳು. ಒಂದು ದಿನ ಮತ್ತೆ ರಕ್ತಸ್ರಾವವಾಯಿತು. ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದಾಗ ವೈದ್ಯರು ನೋವಾಗದಂತೆ ಕಳಿಸಿಕೊಟ್ಟರು.

ಅಲ್ಲಿನ ತೆರಿಗೆ ನಿಯಮದಲ್ಲಿ ಇಂಥ ನಾಯಿಯ ಆಹಾರ, ಚಿಕಿತ್ಸೆಗಳನ್ನು ಅಂಧನ ವೈದ್ಯಕೀಯ ಖರ್ಚು ಎಂದೇ ಲೆಕ್ಕ ಹಿಡಿಯಬಹುದು. ವರ್ಷದ ವೈದ್ಯಕೀಯ ಖರ್ಚು ಆದಾಯದ ಶೇಕಡಾ 7.5 ಮೀರಿದರೆ, ಮೀರಿದ ಭಾಗಕ್ಕೆ ವಿನಾಯಿತಿ. ಒಳ್ಳೆಯ ನಿಯಮವೇ. ಆದರೆ ನಾಯಿ ಕೆಲಸ ಮಾಡಬಲ್ಲಂತೆ ಇಡಲಿಕ್ಕೆ ಆದ ಖರ್ಚು ಎಂಬುದು ಅದರ ಆಧಾರ. ಕೆಲಸ ಬಿಟ್ಟ ನಾಯಿಯ ಭಾರ ಸಾಕಿದವನದು. ಕಾನೂನು ದುಡಿಮೆ ನಿಂತಲ್ಲಿ ನಿಲ್ಲುತ್ತದೆ. ಧರ್ಮದ ಕೆಲಸ ಶುರುವಾಗುವುದು ಅಲ್ಲಿಂದ.

ನಮ್ಮಲ್ಲಿ ದಾರಿ ತೋರುವ ನಾಯಿಗಳು ಇಲ್ಲವೆನ್ನುವಷ್ಟು ವಿರಳ. ಆದರೆ ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ ಹಚ್ಚಿಸಿಕೊಳ್ಳುವ ಎತ್ತು ನಮ್ಮಲ್ಲಿದೆ. ಹಟ್ಟಿ ಕಾಯುವ ನಾಯಿ ಇದೆ. ಇಪ್ಪತ್ತು ವರ್ಷ ಪಾತ್ರೆ ತೊಳೆದ ಅವ್ವ ಇದ್ದಾಳೆ. ಅವರಿಗೆ ಮುಪ್ಪು ಬರುತ್ತದೆಂದು ನಮಗೆ ಮೊದಲೇ ಗೊತ್ತು. ಬಂದಾಗ ಅಯ್ಯೋ ಪಾಪ ಎಂದು ನೂರು ರೂಪಾಯಿ ಕೊಡುವುದಕ್ಕಿಂತ, ದುಡಿಯಲು ಬಂದ ದಿನದಿಂದಲೇ ತಿಂಗಳಿಗೆ ಇಷ್ಟು ಎಂದು ಅವರ ಹೆಸರಿನಲ್ಲಿ ತೆಗೆದಿಡಿ. ವಿಮೆ ಇದ್ದರೆ ವಿಮೆ ಮಾಡಿಸಿ. ನಾನು ಮಾಡದೆ ಕೆಟ್ಟೆ. ಈಗ ಬಂದಿರುವ ಎರಡನೆಯ ನಾಯಿಗೆ ಮೊದಲ ತಿಂಗಳಲ್ಲೇ ಎರಡನ್ನೂ ಮಾಡಿದ್ದೇನೆ.

ಆಳಿನ ಮಾತು ಹೇಳಿ ಮುಗಿಸುತ್ತೇನೆ. ಮನೆ ಕಟ್ಟುವುದು ಇನ್ನೆರಡು ವರ್ಷ ಮುಂದೆ ಹೋಯಿತು. ಹುಬ್ಬಳ್ಳಿಯಲ್ಲಿ ಅವನ ಎರಡೂ ಮೊಣಕಾಲಿನ ಶಸ್ತ್ರಚಿಕಿತ್ಸೆ ಆಯಿತು. ಹೋದ ವಾರ ಊರಿಗೆ ಬಂದಾಗ ನೋಡಲು ಹೋಗಿದ್ದೆ. “ದೊಡ್ಡ ಉಪಕಾರ ಮಾಡಿದ್ರಿ” ಎಂದ. ಉಪಕಾರವಲ್ಲ, ನಲವತ್ತು ವರ್ಷದ ಬಾಕಿ ಎಂದೆ. ಹೊರಡುವಾಗ ರಸ್ತೆಯವರೆಗೆ ಬಿಡಲು ಬಂದ. ಅಭ್ಯಾಸಬಲದಿಂದ ನನ್ನ ಬಿಳಿ ಕೋಲಿನ ತುದಿ ಹಿಡಿದ. ಕೋಲು ಮಡಿಚಿ ಜೇಬಿಗೆ ಹಾಕಿಕೊಂಡು ಅವನ ಕೈ ಹಿಡಿದುಕೊಂಡೆ.